ಭಾನುವಾರ: ವಿಶ್ರಾಂತಿ

ಗೊಲ್ಲರಹಟ್ಟಿ, ಮತ್ತೋಡು
12-1-2025

ಗೌಸ್ ಸರ್ ಅವರಿಗೆ ಶಿವಗಂಗಾ ಮಾಡುವ ನಮಸ್ಕಾರಗಳು.

ನಿಮಗೆ ನನ್ನ ನೆನಪಿದೆಯೋ ಇಲ್ಲವೋ. ನೀವು ಶ್ರೀರಾಂಪುರದಲ್ಲಿ ಪಿ.ಟಿ. ಮೇಷ್ಟ್ರಾಗಿದ್ದಾಗ ನಾನು ಹಾಸ್ಟೆಲ್ಲಿನಲ್ಲಿದ್ದುಕೊಂಡು ಹತ್ತನೇ ತರಗತಿ ಓದುತ್ತಿದ್ದೆ. ತಾಲೂಕು ಮಟ್ಟದ ಓಟದಲ್ಲಿ ಫಸ್ಟ್ ಬಂದು, ಕಪ್ ಕೊಡುವಾಗ ಅತ್ತವಳು. "ಗೆದ್ದೋಳು ಅಳ್ತಾಳೆ, ಸೋತೋರು ನಗ್ತಾರೆ, ಇದೇನು ಶಾಲೆನಪ್ಪಾ" ಅಂದಿದ್ದಿರಿ.

ಮೊದಲು ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಮೊಮ್ಮಗಳು ಮಹೇಕ್ ಎತ್ತಿ, "ದಾದಾಗೆ ಕಿವಿ ಕೇಳ್ಸಲ್ಲ ಅಕ್ಕಾ, ಮೆಸೇಜ್ ಅಂದ್ರೆ ಬೈತಾರೆ, ಕಾಗದ ಬರೀರಿ" ಎಂದು ವಿಳಾಸ ಕೊಟ್ಟಳು. ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು, ತಪ್ಪಿದ್ದರೆ ಬೈಯಬೇಡಿ.

ಕೇಂದ್ರ ಪಡೆಯ ಕಾನ್‌ಸ್ಟೆಬಲ್ ಕೆಲಸಕ್ಕೆ ಹೋದ ಸಲ ಬರೆಯುವ ಪರೀಕ್ಷೆ ಪಾಸಾಗಿ ಓಟದಲ್ಲಿ ಬಿದ್ದೆ. ಹೆಣ್ಣುಮಕ್ಕಳು ಸಾವಿರದ ಆರುನೂರು ಮೀಟರನ್ನು ಎಂಟೂವರೆ ನಿಮಿಷದೊಳಗೆ ಓಡಬೇಕು. ನನಗೆ ಎಂಟು ನಲವತ್ತೆರಡಾಯಿತು. ಬರೀ ಹನ್ನೆರಡು ಸೆಕೆಂಡು ಸರ್. ಈ ಸಲ ಮತ್ತೆ ಅರ್ಜಿ ಹಾಕಿದ್ದೇನೆ. ನನ್ನ ವಯಸ್ಸಿಗೆ ಇದೇ ಕೊನೆ, ಮುಂದಿನ ಸಲ ಅರ್ಜಿಯನ್ನೇ ತಗೊಳ್ಳುವುದಿಲ್ಲ.

ಮೊಬೈಲಿನಲ್ಲಿ ನೋಡಿದರೆ ಒಬ್ಬ ದಿನಾ ಹತ್ತು ಕಿಲೋಮೀಟರ್ ಓಡು ಅನ್ನುತ್ತಾನೆ, ಇನ್ನೊಬ್ಬ ಓಡಲೇಬೇಡ, ಬಸ್ಕಿ ಹೊಡಿ ಅನ್ನುತ್ತಾನೆ. ತಲೆ ಚಿಟ್ಟು ಹಿಡಿದಿದೆ. ನೀವು ಒಂದು ದಾರಿ ಬರೆದು ಕೊಟ್ಟರೆ ಕಣ್ಣು ಮುಚ್ಚಿಕೊಂಡು ಅದನ್ನೇ ಮಾಡುತ್ತೇನೆ.

ನಿಮ್ಮ ವಿದ್ಯಾರ್ಥಿನಿ
ಶಿವಗಂಗಾ

*

ಚಿತ್ರದುರ್ಗ
20-1-2025

ಶಿವಗಂಗಾ,

ನೆನಪಿಲ್ಲದೆ ಏನು? ನನಗೆ ಮಂದವಾಗಿರುವುದು ಕಿವಿ, ತಲೆಯಲ್ಲ. ಬಲಗಾಲನ್ನು ಸ್ವಲ್ಪ ಹೊರಗೆ ಎಸೆದು ಓಡುತ್ತಿದ್ದೆ, ಹೌದೋ ಅಲ್ಲವೋ?

ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ ಅಂದೆಯಲ್ಲ, ಅದೇ ಬೇಡ. ತರಬೇತಿ ಅಂದರೆ ಕಂಡಾಪಟ್ಟೆ ಓಡುವುದಲ್ಲ. ಮೊದಲು ನೀನು ಎಲ್ಲಿ ನಿಂತಿದ್ದೀಯ ಅಂತ ತಿಳಿಯಬೇಕು, ಆಮೇಲೆ ಎಲ್ಲಿಗೆ ಹೋಗಬೇಕು ಅಂತ. ಅವೆರಡರ ನಡುವಿನದ್ದನ್ನು ವಾರಗಳಿಗೆ ಹಂಚುತ್ತೇವೆ. ಒಬ್ಬರಿಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಆಗುವುದಿಲ್ಲವಲ್ಲ, ಇದೂ ಹಾಗೆ. ಅದಕ್ಕೇ ಕೇಳುತ್ತೇನೆ, ಇದ್ದದ್ದು ಇದ್ದ ಹಾಗೆ ಬರೆ. ಇವತ್ತು ಓಡಿದರೆ ಎಷ್ಟು ಸಮಯ? ಎಷ್ಟು ಹೊತ್ತು ನಿದ್ದೆ? ಊಟಕ್ಕೆ ಏನು? ಹಳೆಯ ಪೆಟ್ಟೇನಾದರೂ ಇದೆಯಾ? ದಿನದ ಉಳಿದ ಹೊತ್ತಿನಲ್ಲಿ ಏನು ಕೆಲಸ ಮಾಡುತ್ತೀಯ?

ನಾನೂ ಸುಮ್ಮನೆ ಕೂತು ತುಕ್ಕು ಹಿಡಿದಿದ್ದೆ. ಬೆಳಿಗ್ಗೆ ಚಂದ್ರವಳ್ಳಿ ಕೆರೆಯ ತನಕ ನಡೆದು ಬಂದರೆ ನನ್ನ ದಿನ ಮುಗಿಯಿತು. ನಿನ್ನ ಕಾಗದ ನೋಡಿ ಹಳೆಯ ಸೀಟಿ ಹುಡುಕಿ ತೊಳೆದಿಟ್ಟಿದ್ದೇನೆ. ಊದಿದರೆ ನನಗೆ ಕೇಳಿಸುವುದಿಲ್ಲ, ಮನೆಯವರು ಬೈಯುತ್ತಾರೆ.

ಗೌಸ್

*

ಗೊಲ್ಲರಹಟ್ಟಿ
2-2-2025

ಸರ್,

ಮತ್ತೋಡಿನ ಹೈಸ್ಕೂಲ್ ಮೈದಾನದಲ್ಲಿ ಎಂಟು ಸುತ್ತು ಓಡಿದೆ. ಎಂಟು ನಿಮಿಷ ಮೂವತ್ತಾರು ಸೆಕೆಂಡು. ನಿದ್ದೆ ಏಳು ಗಂಟೆ. ಊಟಕ್ಕೆ ಮುದ್ದೆ, ಸಾರು, ಮಜ್ಜಿಗೆ, ವಾರಕ್ಕೆ ಎರಡು ಸಲ ಮೊಟ್ಟೆ. ಪೆಟ್ಟು ಯಾವುದೂ ಇಲ್ಲ.

ಕೆಲಸ ಅಂತ ಏನೂ ಇಲ್ಲ ಸರ್. ಪಿ.ಯು.ಸಿ. ಮುಗಿಸಿ ಮನೆಯಲ್ಲೇ ಇದ್ದೇನೆ. ಎರಡು ವರ್ಷದ ಕೆಳಗೆ ಅಪ್ಪ ಜಾರಿಬಿದ್ದು ತೊಡೆಗೆ ರಾಡ್ ಹಾಕಿದರು, ಆವಾಗಿನಿಂದ ಸುಮ್ಮನೆ ಕುರಿ ಕಾಯುತ್ತೇನೆ. ಹೀಗಾಗಿ ನಿಮ್ಮ ಪ್ರಕಾರ ಮಾಡಲಿಕ್ಕೆ ಹೊತ್ತು ಬೇಕಾದಷ್ಟಿದೆ.

ಶಿವಗಂಗಾ

*

ಚಿತ್ರದುರ್ಗ
9-2-2025

ಶಿವಗಂಗಾ,

ಭೇಷ್. ಬೇಕಿರುವುದು ಆರು ಸೆಕೆಂಡು, ನಾನು ಇಪ್ಪತ್ತು ಕೇಳುತ್ತೇನೆ. ಪರೀಕ್ಷೆಯ ದಿನ ಹೆದರಿಕೆ ಹತ್ತು ಸೆಕೆಂಡ್ ತಿಂದು ಹಾಕುತ್ತದೆ.

ಸೋಮವಾರ ಮೂರು ಕಿಲೋಮೀಟರ್ ನಿಧಾನ, ಮಾತಾಡುತ್ತಾ ಓಡಬಹುದಾದಷ್ಟು. ಮಂಗಳವಾರ ಬಸ್ಕಿ, ಹೊಟ್ಟೆ, ಬೆನ್ನಿನ ವ್ಯಾಯಾಮ. ಬುಧವಾರ ನಾನೂರು ಮೀಟರ್ ನಾಲ್ಕು ಸಲ ಜೋರು, ನಡುವೆ ಮೂರು ನಿಮಿಷ ನಡಿಗೆ. ಗುರುವಾರ ಮತ್ತೆ ನಿಧಾನ. ಶುಕ್ರವಾರ ದಿಬ್ಬದ ಓಟ. ಶನಿವಾರ ನಾಲ್ಕು ಕಿಲೋಮೀಟರ್. ವಾರವಾರಕ್ಕೂ ಹತ್ತರಲ್ಲಿ ಒಂದು ಪಾಲಿನಷ್ಟು ಏರಿಸು, ಆಸೆಪಟ್ಟು ಅದಕ್ಕಿಂತ ಹೆಚ್ಚು ಮಾಡಿದರೆ ನನ್ನ ಹತ್ತಿರ ಬೈಗುಳ. ನಾಲ್ಕನೇ ವಾರ ಅರ್ಧಕ್ಕೆ ಇಳಿಸು.

ಭಾನುವಾರ: ವಿಶ್ರಾಂತಿ. ಇದನ್ನು ಕೆಂಪು ಶಾಯಿಯಲ್ಲಿ ಯಾಕೆ ಬರೆದಿದ್ದೇನೆ ಗೊತ್ತಾ? ಓಡುವಾಗ ಮೈ ಸವೆಯುತ್ತದೆ, ಮಲಗಿದಾಗ ಕಟ್ಟುತ್ತದೆ. ವಿಶ್ರಾಂತಿಯೂ ಪಾಠವೇ, ತಪ್ಪಿಸಬೇಡ.

ಕುರಿ ಕಾಯುವುದು ನಿನ್ನ ಅದೃಷ್ಟ. ಮರದ ನೆರಳಲ್ಲಿ ಕೂತಿರುವಾಗ ಬರೆಯುವ ಪರೀಕ್ಷೆಯ ಪುಸ್ತಕ ಓದಿಕೋ.

ಗೌಸ್

*

ಗೊಲ್ಲರಹಟ್ಟಿ
16-3-2025

ಸರ್,

ಬರೆಯುವ ಪರೀಕ್ಷೆ ಚೆನ್ನಾಗಿ ಆಯಿತು. ಓಟದ್ದೇ ತಿಳಿಯುತ್ತಿಲ್ಲ. ಎರಡನೇ ವಾರದ ಕೊನೆಗೆ ಎಂಟು ಇಪ್ಪತ್ತೇಳು ಬಂತು. ಖುಷಿಗೆ ಅವ್ವನನ್ನು ಎತ್ತಿ ತಿರುಗಿಸಿದೆ. ಮುಂದಿನ ವಾರ ಎಂಟು ಮೂವತ್ತಮೂರು. ಮೊನ್ನೆ ಎಂಟು ನಲವತ್ತೊಂದು. ನೀವು ಹೇಳಿದ್ದನ್ನು ಒಂದು ದಿನವೂ ಬಿಟ್ಟಿಲ್ಲ. ಏರಿಸು ಅಂದ ಕಡೆ ಏರಿಸಿದ್ದೇನೆ, ಇಳಿಸು ಅಂದ ಕಡೆ ಇಳಿಸಿದ್ದೇನೆ. ಮಾಡಿದಷ್ಟೂ ಹಿಂದೆ ಹೋಗುತ್ತಿದ್ದೇನಲ್ಲ, ಇದು ಹೇಗೆ ಸರ್?

ಶಿವಗಂಗಾ

*

ಚಿತ್ರದುರ್ಗ
24-3-2025

ಶಿವಗಂಗಾ,

ನನಗೂ ಬಗೆಹರಿಯಲಿಲ್ಲ. ಮೂವತ್ತೊಂದು ವರ್ಷ ಇದೇ ಪಟ್ಟಿಯಲ್ಲಿ ಮಕ್ಕಳನ್ನು ಓಡಿಸಿದ್ದೇನೆ. ಶ್ರೀರಾಂಪುರದಲ್ಲಿ ನೀನೇ ಇದರಲ್ಲಿ ಓಡಿ ಗೆದ್ದೆ. ಅವಳೇ ನೀನು, ಅದೇ ಪಟ್ಟಿ, ಅದೇ ಮೇಷ್ಟ್ರು.

ಎರಡು ಸಲ ಯೋಚಿಸಿದೆ. ಮೈ ಇದಕ್ಕೆ ಒಗ್ಗಿಹೋಗಿರಬೇಕು. ಒಗ್ಗಿದ ಮೈಗೆ ಹೊಸ ಭಾರ ಕೊಡದಿದ್ದರೆ ಅದು ಸೋಮಾರಿಯಾಗುತ್ತದೆ. ಬುಧವಾರ ನಾಲ್ಕರ ಬದಲು ಆರು ಸಲ ಓಡು. ಶನಿವಾರ ಆರು ಕಿಲೋಮೀಟರ್. ಶೇಂಗಾ, ಬೆಲ್ಲ ತಿನ್ನು.

ಗೌಸ್

*

ಗೊಲ್ಲರಹಟ್ಟಿ
20-4-2025

ಸರ್,

ಎಂಟು ಐವತ್ತೆರಡು. ಇದನ್ನು ಬರೆಯಲು ನಾಚಿಕೆಯಾಗಿ ನಾಲ್ಕು ದಿನ ಕಾಗದ ಮಡಚಿಟ್ಟಿದ್ದೆ.

ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ ಒತ್ತಿದರೆ ನೋಯುತ್ತದೆ. ನಿಂತಲ್ಲೇ ತೂಕಡಿಕೆ ಬರುತ್ತದೆ, ರಾತ್ರಿ ಮಲಗಿದರೆ ಬರುವುದಿಲ್ಲ. ಅವ್ವ "ಬಿಟ್ಬಿಡೇ, ನಿಂಗೆ ಇದು ಬರ್ದಿಲ್ಲ" ಅನ್ನುತ್ತಾಳೆ. ಭಾನುವಾರ ಪೂರ್ತಿ ವಿಶ್ರಾಂತಿಯನ್ನೇ ಮಾಡಿದ್ದೇನೆ ಸರ್, ಕುರಿ ಬಿಟ್ಟರೆ ಇನ್ನೇನೂ ಮಾಡಿಲ್ಲ. ಬೇಸಿಗೆಗೆ ಹತ್ತಿರದ ಹುಲ್ಲು ಮುಗಿದು ಗಾಳಿಯಂತ್ರದ ಗುಡ್ಡದ ಆಚೆಗೆ ಹೋಗಬೇಕು, ಅಷ್ಟೇ.

ಪಾಸಾದವರ ಪಟ್ಟಿಯಲ್ಲಿ ನನ್ನ ನಂಬರ್ ಬಂದರೂ ಈ ಕಾಲಿನಲ್ಲಿ ಏನು ಓಡಲಿ? ಭಯವಾಗುತ್ತದೆ.

ಶಿವಗಂಗಾ

*

ಚಿತ್ರದುರ್ಗ
28-4-2025

ಶಿವಗಂಗಾ,

ಹದಿನೈದು ದಿನ ಓಟ ನಿಲ್ಲಿಸು. ನೋವಿರುವ ಮೂಳೆಯ ಮೇಲೆ ಓಡಿಸುವಷ್ಟು ಮೂರ್ಖನಲ್ಲ ನಾನು.

ಮಹೇಕಳ ಹಳೆಯ ಕೈಗಡಿಯಾರವೊಂದನ್ನು ಬಸ್ಸಿನಲ್ಲಿ ಕಳಿಸಿದ್ದೇನೆ. ನಿಮ್ಮೂರಿಗೆ ಬರುವ ಬಸ್ಸಿನ ಯತ್ತಪ್ಪ ಕಂಡಕ್ಟರ್ ಹತ್ತಿರ ಇಸಿದುಕೋ. ಅದು ನಡೆದ ಹೆಜ್ಜೆ ಎಣಿಸುತ್ತದೆಯಂತೆ, ನನಗೆ ನಂಬಿಕೆಯಿಲ್ಲ. ಬೆಳಿಗ್ಗೆ ಕಟ್ಟಿಕೊಂಡು ಮಲಗುವಾಗ ನೋಡಿ ಬರೆದಿಡು. ಬರೆದು ನೋಡದೆ ಯಾವ ತರಬೇತಿಯೂ ಸುಧಾರಿಸುವುದಿಲ್ಲ, ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಗೌಸ್

*

ಗೊಲ್ಲರಹಟ್ಟಿ
12-5-2025

ಸರ್,

ಓಟ ನಿಲ್ಲಿಸಿದ್ದೇನೆ. ಗಡಿಯಾರ ತೋರಿಸಿದ್ದು: ಸೋಮವಾರ 30,112. ಮಂಗಳವಾರ 28,470. ಬುಧವಾರ ಚಾರ್ಜ್ ಹೋಗಿತ್ತು. ಗುರುವಾರ 33,906. ಶುಕ್ರವಾರ 29,015. ಶನಿವಾರ 31,550. ಭಾನುವಾರ, ವಿಶ್ರಾಂತಿಯ ದಿನ, 29,640.

ಇದು ಹೆಚ್ಚೋ ಕಡಿಮೆಯೋ ನನಗೆ ಗೊತ್ತಿಲ್ಲ. ಅಪ್ಪ ಕೈಗೆ ಕಟ್ಟಿಕೊಂಡು ಕೂತಿದ್ದಕ್ಕೆ ನಲವತ್ತು ತೋರಿಸಿತು. ಕೈ ಅಲ್ಲಾಡಿಸಿದರೂ ಎಣಿಸುತ್ತದೆ ಅಂತ ನಗುತ್ತಾನೆ.

ಶಿವಗಂಗಾ

*

ಚಿತ್ರದುರ್ಗ
17-5-2025

ಶಿವಗಂಗಾ,

ಗಡಿಯಾರ ಕೆಟ್ಟಿದೆಯೇನೋ ಎಂದು ಮಹೇಕಳನ್ನು ಕೇಳಿದೆ. ಸರಿಯಾಗಿದೆ ಅನ್ನುತ್ತಾಳೆ. ಮೂವತ್ತು ಸಾವಿರ ಹೆಜ್ಜೆ ಅಂದರೆ ಇಪ್ಪತ್ತು ಕಿಲೋಮೀಟರ್. ನಾನು ಚಂದ್ರವಳ್ಳಿಗೆ ಹೋಗಿ ಬಂದರೆ ಆರು ಸಾವಿರವಾಗುವುದಿಲ್ಲ.

ಓಟ ನಿಲ್ಲಿಸು ಅಂದಮೇಲೂ ಕದ್ದು ಓಡುತ್ತಿದ್ದೀಯ. ಭಾನುವಾರವೂ ಬಿಟ್ಟಿಲ್ಲ. ಆತುರ ನನಗೂ ಅರ್ಥವಾಗುತ್ತದೆ, ಸುಳ್ಳು ಅರ್ಥವಾಗುವುದಿಲ್ಲ. ವಿಶ್ರಾಂತಿ ಎಂದು ಬರೆದು ಇಪ್ಪತ್ತು ಕಿಲೋಮೀಟರ್ ಓಡಿದವಳಿಗೆ ನಾನೇನು ಹೇಳಿಕೊಡಲಿ? ನನಗೆ ಮೋಸ ಮಾಡಿದ್ದಕ್ಕೆ ಬೇಸರವಿಲ್ಲ, ನಿನ್ನ ಕಾಲಿಗೇ ಮೋಸ ಮಾಡುತ್ತಿದ್ದೀಯ. ನಿಜ ಬರೆಯುವ ಮನಸ್ಸಾದರೆ ಬರೆ.

ಗೌಸ್

*

ಚಿತ್ರದುರ್ಗ
18-6-2025

ಶಿವಗಂಗಾ,

ಒಂದು ತಿಂಗಳಾಯಿತು. ದಿನಾ ಪೋಸ್ಟ್‌ಮನ್ ದಾರಿ ನೋಡಿ ಮಹೇಕಳ ಹತ್ತಿರ ನಗೆಪಾಟಲಾಗಿದ್ದೇನೆ. ಪಾಸಾದವರ ಪಟ್ಟಿ ಬಂತು, ನಿನ್ನ ನಂಬರ್ ಇದೆ ಅಂತ ಅವಳೇ ನೋಡಿ ಹೇಳಿದಳು. ಸೆಪ್ಟೆಂಬರಿನಲ್ಲಿ ಓಟವಂತೆ. ಅದನ್ನೂ ನೀನು ಬರೆಯಲಿಲ್ಲ.

ಭಾನುವಾರ ಮೊದಲ ಬಸ್ಸಿಗೆ ನಾನೇ ಬರುತ್ತೇನೆ. ನೀನು ವಿಶ್ರಾಂತಿ ಹೇಗೆ ಮಾಡುತ್ತೀಯ ಅಂತ ಕಣ್ಣಾರೆ ನೋಡಬೇಕು.

ಗೌಸ್

*

ಚಿತ್ರದುರ್ಗ
25-6-2025

ಶಿವಗಂಗಾ,

ಮೂರು ದಿನ ಮಂಚ ಬಿಟ್ಟು ಏಳಲಾಗಲಿಲ್ಲ. ಅದಕ್ಕೇ ತಡವಾಯಿತು.

ಅವತ್ತು ನಿನ್ನೆದುರು ಬಾಯಿಬಿಟ್ಟು ಹೇಳಲಾಗದ್ದನ್ನು ಬರೆಯುತ್ತೇನೆ. ನಿನ್ನ ಸುಳ್ಳು ಹಿಡಿಯಲೆಂದೇ ಬಂದಿದ್ದೆ. ಕುರಿ ಕಾಯುವುದೆಂದರೆ ಕೋಲು ಹಿಡಿದು ಮರದ ಕೆಳಗೆ ಕೂರುವುದು, ಕುರಿ ತಾನಾಗಿ ಮೇಯುತ್ತದೆ ಅಂತಲೇ ಅರವತ್ತೆಂಟು ವರ್ಷ ತಿಳಿದಿದ್ದೆ. ನೆರಳಲ್ಲಿ ಕೂತು ಓದೋಣವೆಂದು ಎರಡು ದಿನಪತ್ರಿಕೆ ಬೇರೆ ತಂದಿದ್ದೆ. ಕುರಿ ಕೂಡುವ ರೊಪ್ಪದ ಬಾಗಿಲು ತೆಗೆದವಳು ನೀನು ಮಧ್ಯಾಹ್ನದವರೆಗೆ ಒಂದು ಕಡೆ ಕೂರಲಿಲ್ಲ. ನೀರಿನ ಕ್ಯಾನು ಒಂದು ಹೆಗಲಿಗೆ, ಅವತ್ತೇ ಹುಟ್ಟಿದ ಮರಿ ಇನ್ನೊಂದು ಹೆಗಲಿಗೆ. ಮೂರನೇ ದಿಬ್ಬದ ಮೇಲೆ ಒಂದು ಕುರಿ ಯಾರದೋ ಜೋಳಕ್ಕೆ ನುಗ್ಗಿದಾಗ ನೀನು ಓಡಿದ ಓಟ ನೋಡಿದೆ. ಅದನ್ನು ನನ್ನ ಪಟ್ಟಿಯಲ್ಲಿ ದಿಬ್ಬದ ಓಟ ಎಂದು ಶುಕ್ರವಾರಕ್ಕೆ ಹಾಕಿದ್ದೆ. ನೀನು ಅದನ್ನು ಭಾನುವಾರ ಹನ್ನೊಂದು ಸಲ ಮಾಡಿದೆ, ನಾನು ಎಣಿಸಿದೆ.

ಎರಡು ಗಂಟೆಗೆ ನಾನು ಬದುವಿನ ಮೇಲೆ ಕೂತುಬಿಟ್ಟೆ. ನೀನು ತೆಂಗಿನಕಾಯಿ ಟೆಂಪೋ ನಿಲ್ಲಿಸಿ, "ನಮ್ ಮೇಷ್ಟ್ರು, ಹುಷಾರಾಗಿ ಇಳಿಸ್ರಣ್ಣ" ಅಂತ ಹತ್ತಿಸಿದೆಯಲ್ಲ, ಆ ಟೆಂಪೋದಲ್ಲಿ ಕೂತು ಅತ್ತೆ. ಸುಳ್ಳಿ ಅಂದೆನಲ್ಲಾ ನಿನ್ನನ್ನು. ತಪ್ಪಾಯಿತಮ್ಮ.

ನೀನು ಎರಡನೇ ಕಾಗದದಲ್ಲೇ ಕುರಿ ಕಾಯುತ್ತೇನೆ ಎಂದು ಬರೆದಿದ್ದೆ. ನಾನು ಓದಿಯೂ ಇದ್ದೆ. ಶ್ರೀರಾಂಪುರದಲ್ಲಿ ನೀನು ಗೆದ್ದದ್ದು ನನ್ನ ಪಟ್ಟಿಯಿಂದಲ್ಲ, ಹಾಸ್ಟೆಲ್ಲಿನಲ್ಲಿ ಕುರಿ ಇರಲಿಲ್ಲ, ಅದಕ್ಕೆ. ಒಬ್ಬರಿಗೆ ಹೊಲಿದ ಅಂಗಿ ಎಂದೆಲ್ಲ ಬರೆದವನು ಅಳತೆಯನ್ನೇ ತಗೊಂಡಿರಲಿಲ್ಲ.

ಹಳೆಯ ಪಟ್ಟಿ ಹರಿದುಹಾಕು. ನಿಧಾನದ ಓಟ, ದಿಬ್ಬ, ದೂರ ಎಲ್ಲವೂ ಬೇಡ, ಅದು ನಿನಗೆ ದಿನವೂ ಬೇಕಾದ್ದಕ್ಕಿಂತ ಹೆಚ್ಚು ಆಗುತ್ತಿದೆ. ನಿನ್ನಲ್ಲಿ ಕಡಿಮೆ ಇರುವುದು ಜೋರು ಮತ್ತು ನಿದ್ದೆ. ಮೂಳೆ ನೋವು ಪೂರ್ತಿ ಹೋದಮೇಲೆ ವಾರಕ್ಕೆ ಎರಡೇ ದಿನ ಮೈದಾನ, ಮುಕ್ಕಾಲು ಗಂಟೆ. ಮತ್ತೆ ವಾರಕ್ಕೆ ಎರಡು ದಿನ ಕುರಿಯೂ ಇಲ್ಲ, ಓಟವೂ ಇಲ್ಲ. ಇದು ನಿನ್ನ ಕೈಯಲ್ಲಿಲ್ಲವೆಂದು ಗೊತ್ತು. ಆದ್ದರಿಂದ ಮುಂದಿನದ್ದನ್ನು ನಿನ್ನ ತಾಯಿಗೆ ಓದಿ ಹೇಳು.

ಚಿತ್ತಮ್ಮನವರೇ, ಕುರಿ ಹಿಂದೆ ಹೋಗುವುದು ದೊಡ್ಡ ದುಡಿಮೆ. ಅದರಿಂದ ನಿಮ್ಮ ಮಗಳ ಮೈ ಸವೆಯುತ್ತಿದೆ. ವಾರಕ್ಕೆ ಎರಡು ದಿನ ಅವಳನ್ನು ಬಿಡಿಸಿ. ಇಲ್ಲದಿದ್ದರೆ ಈ ಕೆಲಸ ಅವಳ ಕೈತಪ್ಪುತ್ತದೆ.

ಗೌಸ್

*

ಗೊಲ್ಲರಹಟ್ಟಿ
6-7-2025

ಮೇಷ್ಟ್ರೇ,

ನಾನು ಚಿತ್ತಮ್ಮ. ನಾನು ಹೇಳ್ತೀನಿ, ಮಗಳು ಬರೀತಾಳೆ. ಒಂದು ಮಾತೂ ಬದ್ಲಾಯಿಸ್ಬ್ಯಾಡ ಅಂದೀನಿ.

ನೀವು ಉಣ್ಣಾಕೆ ನಿಲ್ಲದೆ ಹೋಗಿದ್ದು ಸರಿ ಕಾಣ್ಲಿಲ್ಲ. ಇನ್ನೊಂದ್ಸಲ ಬರ್ರಿ, ಕುರಿ ಹಿಂದೆ ಹೋಗ್ಬ್ಯಾಡ್ರಿ, ಮನೇಲಿ ಕುಂತ್ಕಳ್ರಿ.

ಕುರಿ ಕಾಯೋದು ದುಡಿಮೆ, ಮೈ ಸವೀತೈತೆ ಅಂತ ಬರ್ದೀರಿ. ಅದನ್ನ ಕೇಳಿ ನಂಗೆ ಸಿಟ್ಟು ಬಂತು. ಯಾಕೆ ಬಂತು ಅಂತ ನಂಗೇ ತಿಳೀಲಿಲ್ಲ. ನಾನು ಈ ಹಟ್ಟಿಗೆ ಬಂದು ಇಪ್ಪತ್ತೆಂಟು ವರ್ಷ ಆತು. ಇವಳು ಹೊಟ್ಟೇಲಿದ್ದಾಗ ಎಂಟನೇ ತಿಂಗಳ ಗಂಟ ಕುರಿ ಹಿಂದೆ ಹೋಗೀನಿ. ಮನೆಮನೆ ಬರ್ಕಣೋರು ಬಂದು, ಈಯಮ್ಮ ಏನ್ ಕೆಲ್ಸ ಮಾಡ್ತಾರೆ ಅಂದ್ರೆ, ಇವರಪ್ಪ "ಏನೂ ಇಲ್ಲ, ಮನೇಲಿರ್ತಾಳೆ" ಅಂತ ಬರೆಸ್ದ. ನಾನೂ ಹೂಂ ಅಂದೆ. ಹಂಗೇ ಅನ್ಕಂಡಿದ್ದೆ.

ಈಗ ನೀವು ಒಂದಿನ ಬಂದು, ಅರ್ಧ ದಾರೀಲಿ ಕುಂತು, ಅದು ದುಡಿಮೆ ಅಂತೀರಿ. ಹಂಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದೇನು? ನಂಗೆ ಯಾಕೆ ಯಾರೂ ಹೇಳ್ಲಿಲ್ಲ? ಇದನ್ನ ಯಾರ ಹತ್ರ ಕೇಳ್ಬೇಕೋ ತಿಳೀದೆ ನಿಮ್ಮನ್ನ ಕೇಳ್ತಿದೀನಿ.

ಬುಧವಾರ, ಭಾನುವಾರ ನಾನು ಹೋಗ್ತೀನಿ. ಅವಳು ಮನಿಕ್ಕಳ್ಳಿ.

ಚಿತ್ತಮ್ಮ
(ಹೆಬ್ಬೆಟ್ಟು ಅವ್ವನದೇ ಸರ್. ನನಗೂ ಇದೆಲ್ಲ ಬರೆಯುವಾಗಲೇ ಗೊತ್ತಾಗಿದ್ದು. ಶಿವಗಂಗಾ)

*

ಚಿತ್ರದುರ್ಗ
14-7-2025

ಶಿವಗಂಗಾ,

ನಿನ್ನ ತಾಯಿ ಕೇಳಿದ್ದಕ್ಕೆ ಎರಡು ಸಲ ಉತ್ತರ ಬರೆದು ಎರಡನ್ನೂ ಒಲೆಗೆ ಹಾಕಿದೆ. ನನಗೆ ಗೊತ್ತಿಲ್ಲವೆಂದು ಹೇಳು.

ನಿನ್ನ ಹೊಸ ಪಟ್ಟಿ ಈ ಹಾಳೆಯ ಹಿಂದಿದೆ. ಚಿಕ್ಕದು. ಇದೇ ಸಾಕಾ ಅಂತ ಅನುಮಾನ ಬಂದರೆ ಸಾಕು ಅಂತಲೇ ತಿಳಿದುಕೋ.

ಗೌಸ್

*

ಗೊಲ್ಲರಹಟ್ಟಿ
24-8-2025

ಸರ್,

ಎಂಟು ಹದಿನಾಲ್ಕು! ಮೂರು ಸಲ ಗಡಿಯಾರ ನೋಡಿದೆ. ಕಾಲು ನೋಯುತ್ತಿಲ್ಲ. ಆರು ವಾರದಿಂದ ಅರ್ಧಕ್ಕರ್ಧ ಕಡಿಮೆ ಮಾಡಿ ಮುಂದೆ ಹೋಗುತ್ತಿದ್ದೇನೆ, ಈ ಲೆಕ್ಕ ನನಗೆ ಈಗಲೂ ಅರ್ಥವಾಗಿಲ್ಲ.

ಪರೀಕ್ಷೆಗೆ ಮುಂಚಿನ ವಾರ ಪೂರ್ತಿ ಕುರಿ ಬೇಡ, ಎರಡು ದಿನ ಮಾತ್ರ ಹಗುರ ಓಟ ಅಂತ ಬರೆದಿದ್ದೀರಿ. ಏಳು ದಿನ ಸುಮ್ಮನಿದ್ದರೆ ಇದ್ದದ್ದೂ ಹೋಗುವುದಿಲ್ಲವಾ? ಅವ್ವನಿಗೆ ಓದಿ ಹೇಳಿದೆ. "ಹೇಳಿದಂಗೆ ಮಾಡು, ಏಳು ದಿನ ನಾನ್ ಹೋಗ್ತೀನಿ" ಅಂದಳು.

ಶಿವಗಂಗಾ

*

ಗೊಲ್ಲರಹಟ್ಟಿ
14-9-2025, ಭಾನುವಾರ

ಸರ್,

ಪಾಸಾದೆ. ಎಂಟು ನಿಮಿಷ ಹದಿನೇಳು ಸೆಕೆಂಡು. ಕಾಲಿಗೆ ಸಮಯ ಅಳೆಯುವ ಚಿಪ್ ಕಟ್ಟಿ ಓಡಿಸಿದರು, ಯಾರಿಗೂ ತಿದ್ದಲಿಕ್ಕೆ ಬರುವುದಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ನೀವು ಹೇಳಿದ ಹಾಗೆ ಬಿಟ್ಟುಕೊಟ್ಟೆ. ಕೊನೆಯ ಸುತ್ತಿನಲ್ಲಿ ಒಬ್ಬೊಬ್ಬರನ್ನೇ ಹಿಡಿದೆ. ಇನ್ನು ವೈದ್ಯಕೀಯ ತಪಾಸಣೆ, ಆಮೇಲೆ ಕೊನೆಯ ಪಟ್ಟಿ. ಅದಕ್ಕೆ ತಿಂಗಳುಗಟ್ಟಲೆ ಆಗಬಹುದಂತೆ. ಓಟ ಮಾತ್ರ ಮುಗಿಯಿತು, ನಾನು ಗೆದ್ದೆ.

ಊರಿಗೆ ಬಂದು ಅವ್ವನ ಕಾಲಿಗೆ ಬಿದ್ದಾಗ ನೋಡಿದೆ. ಎರಡು ಮಂಡಿಯೂ ಊದಿ ಒಂದೇ ಸಮ ಆಗಿದ್ದವು. ಏಳು ದಿನವೂ ಗುಡ್ಡದ ಆಚೆಗೆ ಹೋಗಿ ಬಂದು, ರಾತ್ರಿ ನಾನು ಮಲಗಿದಮೇಲೆ ಅಪ್ಪನ ಹತ್ತಿರ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳಂತೆ. ನಾನು ಒಳಗೆ ಮೈ ಕಟ್ಟಿಕೊಳ್ಳುತ್ತಾ ಮಲಗಿದ್ದೆ. ಖುಷಿಪಡಬೇಕೋ ಬೇಡವೋ ತಿಳಿಯದೆ ಅಂಗಳದಲ್ಲಿ ನಿಂತೆ. ಅವಳೇ ನನ್ನ ಬಾಯಿಗೆ ಸಕ್ಕರೆ ಹಾಕಿದಳು.

ನಿನ್ನೆ ನಾನೇ ಒಂದು ಪಟ್ಟಿ ಬರೆದೆ ಸರ್, ಅವ್ವನದು. ಒಂದೇ ಸಾಲು: ಭಾನುವಾರ, ವಿಶ್ರಾಂತಿ. ಇವತ್ತು ಕುರಿಯನ್ನು ರೊಪ್ಪದಿಂದ ಬಿಡಲೇ ಇಲ್ಲ. ಅಪ್ಪ ಕೂತಲ್ಲೇ ಸೊಪ್ಪಿನ ಹೊರೆ ಕಟ್ಟಿಕೊಟ್ಟ, ನಾನು ಒಳಗೆ ಹಾಕಿದೆ. ಅವ್ವನನ್ನು ಜಗಲಿಯ ಮೇಲೆ ಕೂರಿಸಿದೆ. ಕಸಬರಿಗೆ ತಗೊಂಡಳು, ಕಿತ್ತುಕೊಂಡೆ. ಅವರೆ ಬಿಡಿಸಲು ಹೋದಳು, ಮೊರ ಒಳಗಿಟ್ಟೆ. ಬೈದಳು. ಆಮೇಲೆ ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಬಹಳ ಹೊತ್ತಿನ ಮೇಲೆ ನನ್ನನ್ನು ಕರೆದು, "ಗಂಗಾ, ಕುಂತೀನಿ. ಈಗ ಏನ್ ಮಾಡ್ಬೇಕು?" ಅಂದಳು.

ನನಗೆ ಗೊತ್ತಾಗಲಿಲ್ಲ ಸರ್. ಅಪ್ಪನನ್ನು ಕೇಳಿದೆ, ಅವನಿಗೂ ಗೊತ್ತಿಲ್ಲ. ಮೇಷ್ಟ್ರನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಅವಳು ಇನ್ನೂ ಜಗಲಿಯ ಮೇಲೇ ಕೂತಿದ್ದಾಳೆ. ಬೇಗ ಬರೆಯಿರಿ.

ನಿಮ್ಮ
ಶಿವಗಂಗಾ